ಧೂಳನ್ನು ತೂಗುವವರು

ಭದ್ರಾವತಿಯ ಜನ್ನಾಪುರದವರಿಗೆ ಕಾರ್ಖಾನೆ ಹೊಸದಲ್ಲ. ಅವರ ಊರಿನಲ್ಲೇ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ದಶಕಗಳ ಕಾಲ ನಡೆದಿವೆ. ಇಂಥ ಕಡೆ ಗಾಳಿಯ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಅದನ್ನು ಅಂಕಿಗೆ ಇಳಿಸುವವರ ಕೆಲಸ ನನಗೆ ತುಂಬ ಇಷ್ಟ.

ಗಾಜಿನ ನಾರಿನ ಬಿಳಿ ಫಿಲ್ಟರ್ ಹಾಳೆಯೊಂದನ್ನು ತೇವ ಆರಿಸಿ, ತೂಗಿ, ಸ್ಯಾಂಪ್ಲರ್ ಯಂತ್ರದಲ್ಲಿ ಕೂರಿಸುತ್ತಾರೆ. ನಿಮಿಷಕ್ಕೆ ಸುಮಾರು ಒಂದು ಘನ ಮೀಟರ್ ಗಾಳಿ ಅದರ ಮೂಲಕ ಹಾಯುತ್ತದೆ. ಎಂಟು ಗಂಟೆ ಕಳೆಯುವಷ್ಟರಲ್ಲಿ ಹಾಳೆ ಬೂದು. ಮತ್ತೆ ತೂಗಿದಾಗ ಹೆಚ್ಚಾದ ಮಿಲಿಗ್ರಾಂಗಳೇ ಧೂಳಿನ ಲೆಕ್ಕ. ಪಿಎಂ10 ಎನ್ನುವ ಸೂಕ್ಷ್ಮ ಧೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಬೆರಳಿನ ಬೆವರು ತಾಗಿದರೂ ತೂಕ ಕೆಡುತ್ತದೆ! ಹಾಗಾಗಿ ಒಳ್ಳೆಯ ಮೇಲ್ವಿಚಾರಕರು ಫಲಿತಾಂಶಕ್ಕಿಂತ ಮೊದಲು ದಾಖಲೆ ಪುಸ್ತಕ ತೆರೆಯುತ್ತಾರೆ: ಗಾಳಿಯ ಹರಿವನ್ನು ಶುರುವಿನಲ್ಲೂ ಕೊನೆಯಲ್ಲೂ ಬರೆದಿದೆಯೇ, ನಡುವೆ ಕರೆಂಟ್ ಹೋಗಿತ್ತೇ, ಪಕ್ಕದಲ್ಲಿ ಯಾರಾದರೂ ಕಸ ಸುಟ್ಟಿದ್ದರೇ.

ಸದ್ದು ಅಳೆಯುವಾಗಲೂ ಇದೇ ಎಚ್ಚರ ಬೇಕು: ಶಬ್ದಮಾಪಕವನ್ನು ಸಾಮಾನ್ಯವಾಗಿ 94 ಡೆಸಿಬೆಲ್‌ನ ಗೊತ್ತಾದ ಸದ್ದಿಗೆ ಹೊಂದಿಸಿಕೊಂಡೇ ಹೊರಡಬೇಕು. 2000ದ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ನಂತರ 45. ಮೂರು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ದುಪ್ಪಟ್ಟಾಯಿತು ಎಂದೇ ಅರ್ಥ. ಗಣಪತಿ ಮೆರವಣಿಗೆಯ ಡಿಜೆ ಎದುರು ನಿಂತು ಅಳತೆ ಬರೆದುಕೊಳ್ಳುವ ಕಿರಿಯ ನೌಕರನಿಗೆ ಬೇಕಾದದ್ದು, ಆ ಅಂಕಿಯ ಕೆಳಗೆ ಹಿಂಜರಿಯದೆ ತಾನೂ ಸಹಿ ಹಾಕುವ ಮೇಲಧಿಕಾರಿ.