ಪಡಸಾಲೆಯಲ್ಲಿ ಜಟಾಯು

ಯುದ್ಧದ ಪಟ ಮನೆಯಲ್ಲಿ ಹಾಕಬಾರದು, ಜಗಳ ಹುಟ್ಟುತ್ತದೆ ಎಂದು ಹಿಂದೂಪುರ, ಕಲ್ಯಾಣದುರ್ಗದ ಕಡೆ ಹಿರಿಯರು ಹೇಳುತ್ತಾರೆ. ಸಾವು, ಸೋಲು, ಅಳು ಇರುವ ಚಿತ್ರ ಅವರಿಗೆ ಒಗ್ಗದು. ಅವರ ಮಾತಿನ ಮೇಲೆ ಗೌರವವಿದೆ. ಆದರೂ ರವಿವರ್ಮನ ‘ಜಟಾಯು ವಧೆ’ಯನ್ನು ನಾನು ಪಡಸಾಲೆಯಿಂದ ಇಳಿಸಲಾರೆ.

ಮೂಲ ತೈಲಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬರೆಸಿದ್ದು, 1906ರದು. ರವಿವರ್ಮ ತೀರಿಕೊಂಡದ್ದೂ ಅದೇ ವರ್ಷ. ಕತ್ತಿ ಎತ್ತಿದ ರಾವಣ, ಅವನ ತೋಳಿನಲ್ಲಿ ಸಿಕ್ಕಿಬಿದ್ದ ಸೀತೆ, ಕಡಿದುಹೋದ ರೆಕ್ಕೆ. ಕಣ್ಣು ಮೊದಲು ಕತ್ತಿಗೆ ಹೋಗುತ್ತದೆ, ಅಲ್ಲಿಂದ ರೆಕ್ಕೆಗೆ ಇಳಿಯುತ್ತದೆ, ಕೊನೆಗೆ ಮುಖ ಮರೆಮಾಡಿಕೊಂಡ ಸೀತೆಯ ಕೈಮೇಲೆ ನಿಲ್ಲುತ್ತದೆ. ಅವಳು ನೋಡಲಾರದ್ದನ್ನು ನಾವು ನೋಡುತ್ತಿದ್ದೇವೆ. ಈ ಪಟದ ಸಂಕಟವೆಲ್ಲ ಆ ಕೈಯಲ್ಲಿದೆ.

ಫ್ರಾನ್ಸಿನ ಜಾಕ್ ಲೂಯಿ ದಾವಿದ್ 1783ರಲ್ಲಿ ಗ್ರೀಕ್ ಪುರಾಣದ ಇಂಥದೇ ದುಃಖವನ್ನು ಬರೆದ: ಟ್ರಾಯ್‌ನ ವೀರ ಹೆಕ್ಟರನ ಶವ, ಪಕ್ಕದಲ್ಲಿ ಹೆಂಡತಿ ಆಂಡ್ರೊಮಕಿ, ಅವಳ ಮಡಿಲಿಗೆ ಆತುಕೊಂಡ ಮಗು. ಅಲ್ಲಿ ಎಲ್ಲವೂ ಮುಗಿದಿದೆ. ಅವಳ ಮುಖ ಮೇಲಕ್ಕೆತ್ತಿ ನಮಗೆ ಕಾಣುವಂತಿದೆ. ಬಹಳ ದೊಡ್ಡ ಚಿತ್ರ, ಒಪ್ಪುತ್ತೇನೆ. ಆದರೆ ದಿನವೂ ಕಣ್ಣೆದುರಿಗಿರಲು ನನಗೆ ಜಟಾಯುವೇ ಬೇಕು. ಮುದಿ ಹಕ್ಕಿ, ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ಅಡ್ಡಬಂತು. ಸೋತಿದೆ, ಇನ್ನೂ ನೆಲಕ್ಕೆ ಬಿದ್ದಿಲ್ಲ.

ಅದು ಬಿದ್ದ ನೆಲ ಲೇಪಾಕ್ಷಿ ಎಂದು ನಮ್ಮವರ ನಂಬಿಕೆ. ಹಿಂದೂಪುರದಿಂದ ಸುಮಾರು 15 ಕಿ.ಮೀ. ಅಲ್ಲಿ ಅಚ್ಯುತದೇವರಾಯನ ಕಾಲದ ವೀರಭದ್ರ ಗುಡಿಯಿದೆ. ಅದರ ಚಾವಣಿಯಲ್ಲಿ ಮನುನೀತಿ ಚೋಳನ ಕಥೆಯಿದೆ: ರಾಜಕುಮಾರನ ರಥಕ್ಕೆ ಸಿಕ್ಕ ಕರು, ನ್ಯಾಯದ ಗಂಟೆ ಎಳೆದ ಹಸು, ಅದೇ ರಥಕ್ಕೆ ಮಗನನ್ನು ಒಪ್ಪಿಸಿದ ರಾಜ. ಕಾವಿ, ಹಳದಿ, ಕಪ್ಪು ಗೆರೆ; ಎಲ್ಲ ಮುಖಗಳೂ ಪಕ್ಕಕ್ಕೆ ತಿರುಗಿದವು. ಅಲ್ಲಿ ದುಃಖ ಪಟ್ಟಿಯುದ್ದಕ್ಕೂ ನಡೆದುಹೋಗುತ್ತದೆ, ಕಥೆಯಲ್ಲಿ ಶಿವ ಬಂದು ಉಳಿಸುತ್ತಾನೆ. ರವಿವರ್ಮನ ಚಿತ್ರದಲ್ಲಿ ಅದು ನಿಂತೇ ಇರುತ್ತದೆ, ಯಾರೂ ಬರುವುದಿಲ್ಲ.

ಪುರಾಣವನ್ನು ಗೋಡೆಗೋಡೆಗೆ ತಂದದ್ದು ಅವನು 1894ರಲ್ಲಿ ಮುಂಬಯಿಯಲ್ಲಿ ಹಾಕಿದ ಕಲ್ಲಚ್ಚಿನ ಅಚ್ಚುಕೂಟ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಜಟಾಯುವಿನ ಹಳೆಯ ಪಟ ಸಿಕ್ಕರೆ ಬಿಸಿಲು ಬೀಳದ ಗೋಡೆಗೆ, ನಿಂತವರ ಕಣ್ಣಿನ ಎತ್ತರಕ್ಕೆ ಹಾಕಿ. ದೇವರ ಪಟಗಳಂತೆ ಬಾಗಿಲ ಮೇಲೆ ಓರೆಯಾಗಿ ಕಟ್ಟಿದರೆ ಕತ್ತಿ ಮಾತ್ರ ಕಾಣುತ್ತದೆ, ಸೀತೆಯ ಕೈ ಕಾಣುವುದಿಲ್ಲ.