ತೆನೆ ಕಟ್ಟುವ ಕೈಗಳು
ಸೆಪ್ಟೆಂಬರ್ 8ರಂದು ದಕ್ಷಿಣ ಕನ್ನಡದ ಇಗರ್ಜಿಗಳಲ್ಲಿ ಮೇರಿ ಮಾತೆಯ ಜನ್ಮೋತ್ಸವವಾಗಿ ನೆರವೇರುವ ಮೊಂತಿ ಹಬ್ಬವನ್ನು ನೆನೆದಾಗಲೆಲ್ಲ, ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ತಂದು ಅರ್ಪಿಸುವ ಪುಷ್ಪರಾಶಿಗಿಂತಲೂ ಮೊದಲು ನನ್ನ ಕಣ್ಣೆದುರು ನಿಲ್ಲುವುದು, ನೀರು ನಿಂತ ಗದ್ದೆಗಿಳಿದು ಹೊಸ ಭತ್ತದ ತೆನೆಗಳನ್ನು ಕೊಯ್ದು ತಂದು, ಒಂದು ಮನೆಯೂ ತಪ್ಪದಂತೆ ಎಣಿಸಿ ಕಟ್ಟುವ ಸ್ವಯಂಸೇವಕರ ಕೆಸರಂಟಿದ ಕೈಗಳು. ಇಗರ್ಜಿಯಲ್ಲಿ ಆಶೀರ್ವದಿತವಾದ ಆ ತೆನೆಗಳನ್ನು ಹಂಚುವಾಗ, ಹಾಸಿಗೆ ಹಿಡಿದ ನೆರೆಯವರ ಪಾಲನ್ನು ಸೆರಗಿನಲ್ಲಿ ಸುತ್ತಿ ಜೋಪಾನವಾಗಿ ಒಯ್ಯುತ್ತಿದ್ದ ವೃದ್ಧೆಯೊಬ್ಬರನ್ನು ಕಂಡಿದ್ದೇನೆ. ಅಂತಹ ಪ್ರೀತಿಗೆ ನಾನು ಎಷ್ಟು ಋಣಿಯೆಂದು ಹೇಳಲಾರೆ. ಮನೆಯಲ್ಲಿ ಆ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುವರು. ದೂರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಕಾಗದದೊಳಗೆ ಮಡಿಸಿ ಅಂಚೆಯಲ್ಲಿ ಕಳುಹಿಸುವರು.