ವಾಗ್ದಾನದ ಚೀಟಿ ಮತ್ತು ಅಂಜೂರದ ಮರ

ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ಕಡೆಯ ಅನೇಕ ಕ್ರೈಸ್ತ ಸಭೆಗಳಲ್ಲಿ ಒಂದು ತಟ್ಟೆ ಬರುತ್ತದೆ. ಅದರ ತುಂಬ ಮಡಚಿದ ಚೀಟಿಗಳು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಚೀಟಿಯಲ್ಲಿ ಬೈಬಲಿನ ಒಂದು ವಾಕ್ಯ ಇರುತ್ತದೆ. ಅದೇ ಅವರ ಆ ವರ್ಷದ ‘ವಾಗ್ದಾನ’. ಚನ್ನಪಟ್ಟಣದಲ್ಲಿ ನಾನು ಬಲ್ಲ ಮನೆಗಳಲ್ಲಿ ಈ ಚೀಟಿ ಕ್ಯಾಲೆಂಡರಿನ ಪಕ್ಕದಲ್ಲೋ ಬೀರುವಿನ ಬಾಗಿಲಿಗೋ ವರ್ಷವಿಡೀ ಅಂಟಿಕೊಂಡಿರುತ್ತದೆ.

ನಂಬಿಕೆಯ ವಿಷಯವಾಗಿ ಇದನ್ನು ತೂಗುವ ಅಧಿಕಾರ ನನಗಿಲ್ಲ. ಆದರೆ ಇದು ಓದಿನ ವಿಷಯವೂ ಹೌದು, ಮತ್ತು ಓದಿನ ಬಗ್ಗೆ ಮಾತಾಡಬಹುದು. ಒಂದು ದೊಡ್ಡ ಕೃತಿಯಿಂದ ಒಂದು ಸಾಲನ್ನು ಕಿತ್ತು ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದು ಕನ್ನಡದ ಓದುಗರಿಗೆ ಗೊತ್ತು. ಬಸವಣ್ಣನ ವಚನ, ಸರ್ವಜ್ಞನ ತ್ರಿಪದಿ, ಡಿವಿಜಿಯವರ ಕಗ್ಗ ಇವೆಲ್ಲ ವಾಟ್ಸಾಪಿನಲ್ಲಿ ಸುಪ್ರಭಾತದ ಹೂವಿನ ಚಿತ್ರದ ಮೇಲೆ ಕುಳಿತು ಏನಾಗಿವೆಯೋ ಅದೇ ಇಲ್ಲೂ ಆಗುತ್ತದೆ. ಸಾಲು ಉಳಿಯುತ್ತದೆ, ಅದನ್ನು ಹೇಳಿಸಿದ ಸಂಕಟ ಕಳೆದುಹೋಗುತ್ತದೆ.

ಈ ಚೀಟಿಗಳಲ್ಲಿ ಬಹಳ ಜನಪ್ರಿಯವಾದ ಒಂದು ವಾಕ್ಯ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೆಯದು. ದೇವರು ನಿಮ್ಮ ಬಗ್ಗೆ ಒಳ್ಳೆಯದನ್ನೇ ಯೋಚಿಸಿದ್ದಾನೆ, ಮುಂದೆ ನಿರೀಕ್ಷೆ ಇದೆ ಎಂಬುದು ಅದರ ತಾತ್ಪರ್ಯ. ಹೊಸ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇಕೆ? ಆದರೆ ಇದು ಒಂದು ಪತ್ರದ ನಡುವಿನ ವಾಕ್ಯ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಪತ್ರ ಅದು. ಅದಕ್ಕೆ ಮುಂಚಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿರುತ್ತಾನೆ. ಯೆರೆಮೀಯನದು ಅದಕ್ಕೆ ವಿರುದ್ಧವಾದ ದನಿ. ಎರಡಲ್ಲ, ಎಪ್ಪತ್ತು ವರ್ಷ ಆಗುತ್ತದೆ; ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ ಎನ್ನುತ್ತಾನೆ. ಬೇಗ ಕೈಗೂಡುವ ಭರವಸೆಯನ್ನು ನಿರಾಕರಿಸಲು ಬರೆದ ಪತ್ರದ ಒಂದು ಸಾಲೇ ಇವತ್ತು ಹನ್ನೆರಡು ತಿಂಗಳ ಭರವಸೆಯಾಗಿ ತಟ್ಟೆಯಲ್ಲಿ ಬರುತ್ತಿದೆ.

ಇಲ್ಲಿ ನಮ್ಮ ಭಾಷೆಯೂ ಒಂದು ಆಟ ಆಡುತ್ತದೆ. ಆ ವಾಕ್ಯದಲ್ಲಿ ದೇವರು ಮಾತಾಡುವುದು ‘ನಿಮ್ಮ’ ಜೊತೆ, ಅಂದರೆ ಸೆರೆಯಲ್ಲಿದ್ದ ಇಡೀ ಜನದ ಜೊತೆ. ಆದರೆ ಕನ್ನಡದ ‘ನೀವು’ ಬಹುವಚನವೂ ಹೌದು, ಗೌರವದ ಮಾತೂ ಹೌದು. ಚೀಟಿ ಎತ್ತಿದವರಿಗೆ ಅದು ತಮ್ಮೊಬ್ಬರಿಗೇ ಮರ್ಯಾದೆಯಿಂದ ಹೇಳಿದಂತೆ ಕೇಳಿಸುತ್ತದೆ. ಎಪ್ಪತ್ತು ವರ್ಷಗಳ ಕೊನೆಯನ್ನು ಆ ಪತ್ರ ಕೇಳಿದ ವಯಸ್ಸಾದವರು ನೋಡಲಾರರು. ಅವರ ಪಾಲಿಗೆ ಆ ಮಾತು ಮೊಮ್ಮಕ್ಕಳಿಗೆ ಬರೆದಿಟ್ಟ ಆಸ್ತಿ. ಒಬ್ಬರ ಚೀಟಿಯಲ್ಲಿ ಈ ಉದ್ದ ಹಿಡಿಸುವುದಿಲ್ಲ.

ಇದು ಬರೀ ವ್ಯಾಕರಣದ ತಕರಾರಲ್ಲ. ನನ್ನ ಪರಿಚಯದ ಒಬ್ಬ ತಾಯಿಗೆ ಒಂದು ವರ್ಷ ಆರೋಗ್ಯದ ವಾಗ್ದಾನ ಬಂದಿತ್ತು. ಆ ವರ್ಷವೇ ಅವರ ಯಜಮಾನರು ತೀರಿಕೊಂಡರು. ಆಮೇಲೆ ಅವರನ್ನು ಕಾಡಿದ್ದು ಸಾವಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ: ನನ್ನ ನಂಬಿಕೆಯಲ್ಲಿ ಏನು ಕೊರತೆ ಇತ್ತು? ತುಂಡಾದ ಓದು ಹೀಗೆ ಓದುಗರ ಮೇಲೇ ತಪ್ಪು ಹೊರಿಸಬಲ್ಲದು.

ಅವರ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಒಂದು ಅಧ್ಯಾಯ ಬೈಬಲಿನಲ್ಲೇ ಇದೆ. ಅದರ ಒಂದು ತುಂಡೂ ಹೊಸ ವರ್ಷದ ಪ್ರಸಂಗಗಳಲ್ಲಿ ಆಗಾಗ ಕೇಳಿಬರುತ್ತದೆ. ಲೂಕನ 13ನೇ ಅಧ್ಯಾಯದ ಅಂಜೂರದ ಮರದ ಸಾಮತಿ ಅದು. ಮೂರು ವರ್ಷದಿಂದ ಹಣ್ಣು ಬಿಡದ ಮರವನ್ನು ಕಡಿದುಹಾಕು ಎನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ ತೋಟಗಾರ. ಸಾಮಾನ್ಯವಾಗಿ ಇದನ್ನು ಎಚ್ಚರಿಕೆಯಾಗಿ ಬೋಧಿಸುತ್ತಾರೆ: ಈ ವರ್ಷವಾದರೂ ಹಣ್ಣು ಬಿಡು, ಇಲ್ಲದಿದ್ದರೆ ಕೊಡಲಿ. ಆದರೆ ಕತೆಗೆ ಮುಂಚೆ ಏನಿದೆ ನೋಡಿ. ಪಿಲಾತನು ಕೊಲ್ಲಿಸಿದ ಗಲಿಲಾಯದವರ ಸುದ್ದಿಯನ್ನು ಜನ ಯೇಸುವಿಗೆ ತಂದಿದ್ದಾರೆ. ಸಿಲೋವದ ಗೋಪುರ ಬಿದ್ದು ಸತ್ತ 18 ಜನರನ್ನು ಯೇಸು ತಾನೇ ನೆನಪಿಸುತ್ತಾನೆ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆ? ಇಲ್ಲ ಎಂದು ಎರಡು ಸಲ ಹೇಳಿ, ಉಳಿದವರೇ ಮನಸ್ಸು ತಿರುಗಿಸಿಕೊಳ್ಳಬೇಕು ಎಂದು ಎಚ್ಚರಿಸಿ, ಆಮೇಲೆ ಈ ಕತೆ ಹೇಳುತ್ತಾನೆ. ಅಂದರೆ ಒಂದು ವರ್ಷ ಹೆಚ್ಚಿಗೆ ಸಿಕ್ಕಿದ್ದು ಯೋಗ್ಯತೆಗೆ ಸಿಕ್ಕ ಬಹುಮಾನವಲ್ಲ, ಸಿಗದೆ ಹೋದದ್ದು ಶಿಕ್ಷೆಯೂ ಅಲ್ಲ.

ಕತೆಯಾಗಿ ನೋಡಿದರೆ ಇದರಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಒಂದು, ಇದಕ್ಕೆ ಕೊನೆ ಇಲ್ಲ. ಮರ ಹಣ್ಣು ಬಿಟ್ಟಿತೋ ಇಲ್ಲವೋ ಲೂಕ ಹೇಳುವುದೇ ಇಲ್ಲ. ಎರಡು, ಯಜಮಾನ ಮಾತಾಡುತ್ತಾನೆ, ತೋಟಗಾರ ಮಾತಾಡುತ್ತಾನೆ, ಮರಕ್ಕೆ ಮಾತಿಲ್ಲ. ನಾವು ಜನವರಿಯಲ್ಲಿ ಮಾಡುವ ಪ್ರತಿಜ್ಞೆಗಳಲ್ಲಿ ಮಾತೆಲ್ಲ ಮರದ್ದೇ: ದಿನಾ ಬೈಬಲ್ ಓದುತ್ತೇನೆ, ಕೋಪ ಬಿಡುತ್ತೇನೆ, ತಪ್ಪದೆ ಪ್ರಾರ್ಥಿಸುತ್ತೇನೆ. ಕತೆಯಲ್ಲಿ ಆ ವರ್ಷದ ಕೆಲಸವೆಲ್ಲ ತೋಟಗಾರನದು. ಬುಡ ಅಗೆಯುವುದು ಮರಕ್ಕೆ ಹಿತವಾದ ಅನುಭವ ಅಲ್ಲದಿರಬಹುದು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಮಾವಿನ ಸೀಮೆ. ಜನವರಿಯೆಂದರೆ ತೋಟಗಳಲ್ಲಿ ಹೂವಿನ ಕಾಲ. ಹೂವೆಲ್ಲ ಕಾಯಿ ಕಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದು ವರ್ಷ ತುಂಬಾ ಬಿಟ್ಟ ಮರ ಮರುವರ್ಷ ಸುಮ್ಮನಿರುವುದೂ ಗೊತ್ತು. ಅದಕ್ಕಾಗಿ ಯಾರೂ ಮರವನ್ನು ಬೈಯುವುದಿಲ್ಲ. ಪಾತಿ ಬಿಡಿಸಿ ಗೊಬ್ಬರ ಹಾಕುತ್ತಾರೆ. ಆತ್ಮಿಕ ಬೆಳವಣಿಗೆ ಎಂಬ ಮಾತನ್ನು ನಾವು ‘ಬೆಳವಣಿಗೆ’ ಎಂದು ಕರೆಯುತ್ತೇವಾದರೂ ಅದನ್ನು ಲೆಕ್ಕ ಹಾಕುವುದು ಮಾತ್ರ ಅಂಗಡಿಯ ವಹಿವಾಟಿನಂತೆ, ವರ್ಷಕ್ಕೊಮ್ಮೆ ಲಾಭ ನಷ್ಟ ನೋಡಿ.

ಹಾಗಾದರೆ ಮರ ಏನೂ ಮಾಡಬೇಕಿಲ್ಲವೇ? ಈ ಪ್ರಶ್ನೆಗೆ ನನಗೆ ಕಂಡ ಉತ್ತರ ಇನ್ನೊಂದು ಹೊಸ ವರ್ಷದ ಪಠ್ಯದಲ್ಲಿದೆ. 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ಜಾನ್ ವೆಸ್ಲಿ ಒಂದು ಒಡಂಬಡಿಕೆಯ ಆರಾಧನೆ ನಡೆಸಿದ. ಅದಕ್ಕೆ ಅವನು ಬಳಸಿದ್ದು 17ನೇ ಶತಮಾನದ ರಿಚರ್ಡ್ ಅಲೈನ್‌ನ ಬರಹ. ಮುಂದೆ ಅದು ಮೆಥಡಿಸ್ಟರಲ್ಲಿ ವರ್ಷದ ಆರಂಭದ ಪದ್ಧತಿಯಾಯಿತು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಇದೇ ವೆಸ್ಲಿಯನ್ ಪರಂಪರೆಯ ಮಿಷನ್. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಸಭೆಗಳು ಅದರೊಳಗೆ ಸೇರಿದವು. ಆ ಪ್ರಾರ್ಥನೆಯಲ್ಲಿ ಯಾವ ವಾಗ್ದಾನವನ್ನೂ ಕೇಳಿಕೊಳ್ಳುವುದಿಲ್ಲ. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ ಎಂಬುದು ಅದರ ಧಾಟಿ.

ಇದಕ್ಕೆ ಕನ್ನಡದಲ್ಲಿ ಇರುವ ‘ಒಡಂಬಡಿಕೆ’ ಒಳ್ಳೆಯ ಪದ. ಸಂಕಲ್ಪವನ್ನು ಒಬ್ಬರೇ ಮಾಡಬಹುದು. ಒಡಂಬಡಲು ಇಬ್ಬರು ಬೇಕು. ಅಂಜೂರದ ಮರಕ್ಕೆ ಕತೆಯಲ್ಲಿ ಇಲ್ಲದ ಮಾತು ಇದೇ ಎಂದು ನನಗನಿಸುತ್ತದೆ: ಅಗೆ, ನಾನು ಒಪ್ಪಿದ್ದೇನೆ.

ಚೀಟಿ ಎತ್ತಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಆಸೆಯಿಂದ ಬಿಡಿಸಿ ನೋಡುವ ಮುಖಗಳು ನನಗೂ ಇಷ್ಟ. ಬಿಡಿಸಿದ ಮೇಲೆ ಕೆಳಗಿರುವ ಅಧ್ಯಾಯದ ಸಂಖ್ಯೆ ನೋಡಿ, ಆ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿ. ಸಾಧ್ಯವಾದರೆ ಮನೆಯವರೆಲ್ಲ ಕೂತು ಜೋರಾಗಿ ಓದಿ; ‘ನೀವು’ ಎಂದರೆ ಎಷ್ಟು ಜನ ಎಂಬುದು ಆಗ ಕಿವಿಗೇ ಗೊತ್ತಾಗುತ್ತದೆ.